ಕೊನೆಯ ಮೊಳೆಯ ಹಸಿರು ತುಂಡು

ಕೊಣ್ಣೂರ
೧೪ ಜೂನ್ ೨೦೨೫

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಹೇಗಿದೆ? ತಂಗಿ ಸುಜಾತಾಳ ಬಾಣಂತನಕ್ಕೆಂದು ಕಣಗಲಾಕ್ಕೆ ಹೋದವಳು ಅವರ ಅಟ್ಟವನ್ನೂ ಹತ್ತಿ ಜಾಡಿಸಿದೆಯಂತೆ, ಅವಳೇ ಫೋನಿನಲ್ಲಿ ದೂರು ಹೇಳಿದಳು. ಕೂಸು ಈಗ ಹೊಟ್ಟೆತುಂಬ ಹಾಲು ಕುಡಿಯುತ್ತಿದೆಯೇ? ನಾವೆಲ್ಲ ಆರಾಮವಾಗಿದ್ದೇವೆ. ಈ ವಿಷಯ ಫೋನಿನಲ್ಲೇ ಹೇಳಬಹುದಿತ್ತು, ಆದರೆ ಎರಡು ಮಾತಾಗುವುದರೊಳಗೆ ಕೂಸು ಅಳುತ್ತಿದೆ ಎಂದು ನೀನು ಫೋನು ಇಟ್ಟುಬಿಡುತ್ತೀ. ಅದಕ್ಕೇ ಕಾಗದ ಬರೆದು ನಿನ್ನ ಕಿರಿಯ ಅಳಿಯನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನೆ ಗೋಕಾಕದಲ್ಲಿ ನಿನಗೆ ಸನ್ಮಾನ ಆಯಿತು. ಘೋಡಗೇರಿಯ ಅಂಗನವಾಡಿಯಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತಳಾದವಳು ನೀನು, ನಿನ್ನ ಪರವಾಗಿ ಶಾಲು ಹೊದ್ದು ಬೆವೆತವಳು ನಾನು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳ ಟೀಚರುಗಳು, ಸಹಾಯಕಿಯರು ಬಂದು ಸಭಾಂಗಣ ತುಂಬಿತ್ತು. ನಾನೂ ಅಂಗನವಾಡಿ ಟೀಚರ್, ಮೇಲಾಗಿ ಮಗಳು ಎಂದು ಮೊದಲು ನನ್ನನ್ನೇ ಮಾತಿಗೆ ಕರೆದರು. ಕರೆಯಬಾರದಿತ್ತು.

ನಾನು ಟೀಚರ್ ಆದಂದಿನಿಂದ ನನ್ನ ಹೊಟ್ಟೆಯಲ್ಲಿ ಎಂಟು ವರ್ಷದ ಸಿಟ್ಟು ಕುಳಿತಿತ್ತು, ಅವ್ವಾ. ಯಾವ ಊರಿನಲ್ಲಿ ಹೊಸ ಟೀಚರ್ ಬಂದರೂ ನೀನು ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಹೋಗಿ ಕಲಿಸಿ ಬರುತ್ತಿದ್ದೆ. ವಾರವಾರ ಕೊಣ್ಣೂರಿನ ಸಂತೆಗೂ ಬರುತ್ತಿದ್ದೆ. ಮನೆಗೆ ಬಂದು ಬದನೆಕಾಯಿ ಕೊಟ್ಟು ಹೋಗುತ್ತಿದ್ದೆ. ಎರಡು ಓಣಿಯಾಚೆಗಿನ ನನ್ನ ಅಂಗನವಾಡಿಗೆ ಮಾತ್ರ ಒಂದು ದಿನವೂ ಕಾಲಿಡಲಿಲ್ಲ. ನಾನು ನಿನ್ನ ಹೆಸರು ಕೆಡಿಸುವವಳೆಂದು ನೀನು ತಿಳಿದಿದ್ದೀಯೆ ಎಂದೇ ನಂಬಿದ್ದೆ.

ಆದ್ದರಿಂದ ಮೈಕು ಕೈಗೆ ಬಂದದ್ದೇ ತಡ, ಎಲ್ಲರ ಎದುರಿಗೆ ಆಡಿಬಿಟ್ಟೆ. "ನಮ್ಮವ್ವ ಎಲ್ಲಾರಿಗೂ ಕಲಿಸ್ಯಾಳ್ರಿ. ನನಗ ಏನೂ ಕಲಿಸಿಲ್ಲ. ನಾ ಕಲತಿದ್ದು ನಮ್ಮ ಸಹಾಯಕಿ ಗುಡ್ಡವ್ವನ ಕಡಿಂದ." ಮುಂದಿನ ಸಾಲಿನವರು ತಮಾಷೆ ಎಂದುಕೊಂಡು ನಕ್ಕರು. ಹೇಳಿದ್ದು ಸುಳ್ಳೇನಲ್ಲ ಎಂದು ಎದೆ ಸೆಟೆಸಿಕೊಂಡು ಬಂದು ಕುಳಿತೆ.

ನನ್ನ ನಂತರ ಮೂಡಲಗಿಯ ಸಾಹಿರಾ ಟೀಚರ್ ಎದ್ದರು. ಕೆಲಸಕ್ಕೆ ಸೇರಿದ ಮೊದಲ ವಾರ ಮಕ್ಕಳ ಅಳು ತಾಳಲಾರದೆ ರಾಜೀನಾಮೆ ಬರೆದಿಟ್ಟಿದ್ದರಂತೆ. ನೀನು ಹೋಗಿ ಅದನ್ನು ಹರಿದು ಹಾಕಿ, ಗೋಡೆಗೆ ಮಕ್ಕಳ ಎತ್ತರಕ್ಕೆ ಸಾಲಾಗಿ ಮೊಳೆ ಹೊಡೆಸಿದೆಯಂತೆ. ಪ್ರತಿ ಮಗುವಿನ ತಾಯಿಯಿಂದ ಹಳೆಯ ಸೀರೆಯ ಒಂದು ತುಂಡು ತರಿಸಿ ಒಂದೊಂದು ಮೊಳೆಗೆ ಕಟ್ಟಿಸಿದೆಯಂತೆ. ಅಳು ಬಂದ ಮಗು ತಾನೇ ಹೋಗಿ ತನ್ನ ಅವ್ವನ ಸೀರೆ ಹಿಡಿದು ನಿಲ್ಲಬೇಕು, ಟೀಚರ್ ಎತ್ತಿಕೊಳ್ಳಬಾರದು. ಸ್ವಲ್ಪ ಹೊತ್ತಿನ ಮೇಲೆ ಅದರ ಕೈಗೆ ಒಂದು ಸಣ್ಣ ಕೆಲಸ ಕೊಡಬೇಕು.

ಅವ್ವಾ, ಆ ಮೊಳೆಗಳು, ಆ ಸೀರೆ ತುಂಡುಗಳು ನನ್ನ ಅಂಗನವಾಡಿಯಲ್ಲೂ ಇವೆ. ಗುಡ್ಡವ್ವನೇ ಹೊಡೆಸಿದ್ದು, ಅವಳದೇ ಬುದ್ಧಿ ಎಂದು ನಾನು ಮೇಲಧಿಕಾರಿಗಳಿಗೂ ಹೊಗಳಿ ಹೇಳಿದ್ದೆ. ಸಾಹಿರಾ ಮುಗಿಸಿದ ಮೇಲೆ ಹುಕ್ಕೇರಿಯ ಇಬ್ಬರು ಅದೇ ಮೊಳೆಗಳ ಮಾತು ಆಡಿದರು. ತಿರುಗಿ ನೋಡಿದರೆ ಗುಡ್ಡವ್ವ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಸೆರಗು ಸುತ್ತುತ್ತಿದ್ದಳು. ಊರ ಸುದ್ದಿಯೆಲ್ಲ ಮಧ್ಯಾಹ್ನದೊಳಗೆ ಹಂಚಿ ಮುಗಿಸುವ ಹೆಂಗಸು, ಎಂಟು ವರ್ಷ ಇದೊಂದನ್ನು ಬಾಯಿ ಬಿಟ್ಟಿರಲಿಲ್ಲ.

ಊಟದ ಸಾಲಿನಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ. ಸಂತೆಯ ದಿನ ಕಾಯಿಪಲ್ಲೆಯವರ ಹಿಂದಿನ ಕಟ್ಟೆಯ ಮೇಲೆ ನೀನು ಅವಳನ್ನು ಕೂರಿಸಿಕೊಂಡು ಆ ವಾರ ಯಾವ ಮಗು ಅತ್ತಿತು, ನಾನು ಎಲ್ಲಿ ತಪ್ಪಿದೆ ಎಂದು ಕೇಳಿ, ಮುಂದಿನ ವಾರದ ಪಾಠ ಹೇಳಿ ಕಳಿಸುತ್ತಿದ್ದೆಯಂತೆ. ನೀನೇ ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ನಿನ್ನ ಮಾತನ್ನೇ ಒಪ್ಪಿಸಿದಳು. "ನಾ ಹೋದ್ರ ಆಕಿ ಮಗಳಾಗಿ ಕುಂದರತಾಳ, ಟೀಚರ್ ಆಗಂಗಿಲ್ಲ. ನೀ ಕಲಿ, ನಿನ್ನ ನೋಡಿ ಆಕಿ ಕಲೀಲಿ."

ಊಟ ಸೇರಲಿಲ್ಲ. ಎಂಟು ವರ್ಷ ನನ್ನ ಅಂಗನವಾಡಿಯನ್ನು ನಡೆಸಿದವಳು ನೀನು, ಮೂರು ತಾಲೂಕಿನ ಎದುರಿಗೆ ನಿನ್ನನ್ನೇ ದೂರಿದವಳು ನಾನು. ನಾಚಿಕೆ ಆಯಿತು. ಸಿಟ್ಟೂ ಬಂತು, ಸುಳ್ಳು ಹೇಳುವುದಿಲ್ಲ. ಮೊದಲೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಸೋಮವಾರದ ಟೀಚರುಗಳ ಸಭೆಯಲ್ಲಿ ಎದ್ದು ನಿಂತು ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಅದು ಗಟ್ಟಿ. ನಿನ್ನ ಶಾಲು ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಸುಜಾತಾಗೆ ಖಾರ ಕಡಿಮೆ ತಿನ್ನಲು ಹೇಳು, ಕೂಸಿಗೆ ನನ್ನ ಮುತ್ತು ಕೊಡು, ಮೊಣಕಾಲಿಗೆ ಎಣ್ಣೆ ಹಚ್ಚಿಕೊ. ನಿನ್ನ ಪಾದ ಮುಟ್ಟಿ ನಮಸ್ಕರಿಸುವ,

ನಿನ್ನ ಹಟಮಾರಿ ಮಗಳು
ದಾನೇಶ್ವರಿ

ತಾ.ಕ.: ನಿನ್ನ ಅಳಿಯ ಬಂದು ಹೊರಗೆ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಸಾಲಿನ ಕೊನೆಯ ಮೊಳೆಗೆ ಒಂದು ಹಸಿರು ತುಂಡು ಮೊದಲಿನಿಂದಲೂ ನೇತಾಡುತ್ತಿತ್ತು, ಯಾವ ಮಗುವಿನದೂ ಅಲ್ಲ. ವಾರಸುದಾರರಿಲ್ಲದ್ದೆಂದು ನಾನು ಅದರಿಂದಲೇ ಕರಿಹಲಗೆ ಒರೆಸುತ್ತಿದ್ದೆ. ನಿನ್ನೆ ಗೋಕಾಕದಿಂದ ಬಂದವಳೇ ಬೀಗ ತೆಗೆದು ಅದನ್ನು ಒಗೆದೆ. ಸೀಮೆಸುಣ್ಣದ ಧೂಳು ಹೋದ ಮೇಲೆ ಅರಿಶಿನ ಅಂಚು ಕಂಡಿತು. ನೀನು ಘೋಡಗೇರಿಯಲ್ಲಿ ಅಂಗನವಾಡಿಗೆ ಉಟ್ಟು ಹೋಗುತ್ತಿದ್ದ ಸೀರೆ ಅದು, ಚಿಕ್ಕವಳಿದ್ದಾಗ ನಾನು ಜಗ್ಗಿ ಅಳುತ್ತಿದ್ದ ಸೀರೆ. ಅದನ್ನು ಹಿಡಿದು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ, ಅವ್ವಾ. ಜೊತೆಗೇ ಬಂದಿದ್ದ ಗುಡ್ಡವ್ವ ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತು ನೋಡಿ, ನನ್ನ ಕೈಯಲ್ಲಿ ಒಂದು ತಂಬಿಗೆ ಕೊಟ್ಟು "ಗಿಡಕ್ಕ ನೀರ ಹಾಕಿ ಬರ್ರಿ, ಟೀಚರ್" ಅಂದಳು.