ಎಡಮೂಲೆಯ ಹಸಿರು ಕಲೆ

ಅಂಗಡಿಯ ಹಿಂದಿನ ಕೋಣೆ,
ಜೂನ್ 8, ಭಾನುವಾರ ಬೆಳಿಗ್ಗೆ

ಪ್ರೀತಿಯ ಚೂಟಿ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ, ಹೇಳಿದ ಮಾತು ಕೇಳುವವಳಲ್ಲ ನೀನು. ಭಾವ ಚೆನ್ನಾಗಿದ್ದಾರೆ ತಾನೆ? ಇಲ್ಲಿ ಅಪ್ಪ ಗಟ್ಟಿಯಾಗಿದ್ದಾರೆ. ಎಂಬತ್ತಮೂರಾದರೂ ಪತ್ರಿಕೆ ಓದಲು ಕನ್ನಡಕ ಬೇಡ, ನನ್ನ ತಪ್ಪು ಹುಡುಕಲಂತೂ ಬೇಡವೇ ಬೇಡ. ಚೂಟಿ ಎಂದು ಕರೆದದ್ದಕ್ಕೆ ಬೆಚ್ಚಿದೆಯಾ? ಮೂವತ್ತೇಳು ವರ್ಷದಿಂದ ಈ ಮನೆಯಲ್ಲಿ ಯಾರೂ ಆ ಹೆಸರು ಎತ್ತಿಲ್ಲ. ಯಾಕೆ ಎತ್ತಲಿಲ್ಲ ಎಂದು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಲು ಮೂರು ಸಲ ಹೊರಟೆ. ಮೂರು ಸಲವೂ ಅಲ್ಲಿ ಸೆಕೆ ಹೇಗಿದೆ ಎಂದು ಕೇಳಿ ಇಟ್ಟುಬಿಟ್ಟೆ.

ಅಪ್ಪನ ಕೋಣೆಗೆ ಹೊಸ ಟಿವಿ ತಂದಿದ್ದೇನೆ. ಡಬ್ಬ ಬಾಗಿಲಷ್ಟು ಅಗಲ, ಒಳಗಿರುವುದು ಮಾತ್ರ ಚಪಾತಿ ಹಲಗೆಯಷ್ಟು ತೆಳ್ಳಗೆ. ಬೆನ್ನೇ ಇಲ್ಲದ ಟಿವಿ ಕಂಡರೆ ನನಗೆ ಈಗಲೂ ಆಗಿಬರುವುದಿಲ್ಲ. ಲೋಕವೆಲ್ಲ ಅದರ ಮುಖ ನೋಡಿದರೆ, ನಾನು ಬೆನ್ನು ನೋಡಿ ಅನ್ನ ತಿಂದವನು. ನಮ್ಮ ಮೊದಲ ಕಪ್ಪುಬಿಳುಪು ಪೆಟ್ಟಿಗೆ ನೆನಪಿದೆಯಾ? ಮರದ ಬಾಗಿಲು, ಅದಕ್ಕೊಂದು ಚಿಲಕ. ಚಿಲಕ ಹಾಕಿದರೆ ಬೀರುವೋ ಟಿವಿಯೋ ತಿಳಿಯುತ್ತಿರಲಿಲ್ಲ. ಅಪ್ಪ ಛಾವಣಿ ಮೇಲೆ ಆಂಟೆನಾ ತಿರುಗಿಸುತ್ತಾ "ಬಂತಾ?" ಎಂದು ಕೂಗಿದರೆ, ನೀನು ಕಿಟಕಿಯಿಂದ "ಬಂತು, ಬಂತು, ಅಯ್ಯೋ ಹೋಯ್ತು!" ಎನ್ನುತ್ತಿದ್ದೆ. ಆಮೇಲೆ ಬಣ್ಣದ್ದು ಬಂತು. ಹೊಟ್ಟೆ ಎಷ್ಟು ದಪ್ಪವೆಂದರೆ, ತಲೆಯ ಮೇಲೆ ಅಮ್ಮ ಹೆಣೆದ ಬಟ್ಟೆ ಹಾಸಿ, ಗಡಿಯಾರ ಇಟ್ಟು, ಪಕ್ಕದಲ್ಲಿ ನಮ್ಮಿಬ್ಬರ ಫೋಟೋ ಇಟ್ಟರೂ ಇನ್ನೂ ಜಾಗ ಉಳಿದಿತ್ತು. ಈಗ ನನ್ನ ರಿಪೇರಿ ಅಂಗಡಿಗೆ ಬರುವುದೆಲ್ಲ ಈ ತೆಳ್ಳನೆಯವೇ. ಗಾಜು ಒಡೆದರೆ ಎಸೆಯಬೇಕು, ಉಳಿದದ್ದು ಕೆಟ್ಟರೆ ಒಳಗಿನ ಸರ್ಕ್ಯೂಟ್ ಹಲಗೆಯನ್ನೇ ಬದಲಿಸಬೇಕು. ಅಲ್ಲಿ ಯಾರ ಕೈಗುಣಕ್ಕೂ ಕೆಲಸವಿಲ್ಲ.

ಕೈಗುಣ ಎಂದೆನಲ್ಲ, ಅಲ್ಲಿಗೇ ಬರುತ್ತೇನೆ. ಹೋದ ವಾರ ನಿನ್ನ ಮಗಳಿಗೆ ಎಲೆಕ್ಟ್ರಾನಿಕ್ಸ್ ಓದುವ ಆಸೆ ಎಂದು ಹೇಳಿ, ಅದೇ ಉಸಿರಿನಲ್ಲಿ ಅಂದೆ: "ಅರ್ಜಿಗೆ ನಾನು ಸಹಿ ಹಾಕಲ್ಲ ಅಣ್ಣಾ. ನನ್ನ ಕೈಗುಣ ನಿಂಗೆ ಗೊತ್ತಲ್ಲ, ಮುಟ್ಟಿದ್ದೆಲ್ಲ ಕೆಡುತ್ತೆ. ಅವಳಿಗೂ ಅದೇ ಬಂದಿರುತ್ತೆ, ಬೇರೆ ಏನಾದ್ರೂ ಓದ್ಲಿ." ಹೇಳಿ ನೀನು ನಕ್ಕೆ. ನಾನೂ ನಕ್ಕೆ. ಆ ನಗು ಅಂದಿನಿಂದ ನನ್ನನ್ನು ಬಿಡದೆ ಚುಚ್ಚುತ್ತಿದೆ, ಚೂಟಿ. ನಿನ್ನ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರವನ್ನೂ ಭಾವನೇ ಚಾಲೂ ಮಾಡಬೇಕು ಎಂದು ನನಗೆ ಗೊತ್ತು. ಹನ್ನೊಂದನೇ ವಯಸ್ಸಿನಲ್ಲಿ ರೇಡಿಯೋದ ಕಡಿದ ದಾರವನ್ನು ಗಾಲಿಗಳಿಗೆ ಸುತ್ತಿ, ಸ್ಟೇಷನ್ ತೋರಿಸುವ ಮುಳ್ಳು ಮತ್ತೆ ಓಡಾಡುವಂತೆ ಮಾಡಿದ್ದವಳು ನೀನು. ಅದಕ್ಕೇ ಅಪ್ಪ ನಿನಗೆ ಚೂಟಿ ಎಂದು ಹೆಸರಿಟ್ಟದ್ದು. ನಾನಾಗ ಪ್ಲಗ್ ಸಿಕ್ಕಿಸಲೂ ಹೆದರುತ್ತಿದ್ದ ಪುಕ್ಕಲ.

ಬಣ್ಣದ ಟಿವಿಯ ಎಡಮೂಲೆಗೆ ಹಸಿರು ಕಲೆ ಬಿತ್ತಲ್ಲ, ಅದನ್ನು ಮಾಡಿದವನು ನಾನು. ಹಿಂದಿನ ಸಂಜೆ ನೀವೆಲ್ಲ ಪಕ್ಕದ ಮನೆಗೆ ಹೋಗಿದ್ದಿರಿ. ಮುರಿದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೊಂದು ನನ್ನ ಬಳಿ ಇತ್ತು. ಪರದೆಯ ಹತ್ತಿರ ಹಿಡಿದರೆ ಸುದ್ದಿ ಓದುವವಳ ಕೆನ್ನೆ ನೇರಳೆಯಾಯಿತು, ಕಿವಿ ಹಸಿರಾಯಿತು. ನನಗೆ ಕುಣಿಯುವಷ್ಟು ಖುಷಿ. ಅಯಸ್ಕಾಂತ ತೆಗೆದೆ, ಹಸಿರು ಹೋಗಲಿಲ್ಲ. ಆರಿಸಿ ಹಾಕಿದೆ, ಆಗಲೂ ಹೋಗಲಿಲ್ಲ. ಮತ್ತೆ ಆರಿಸಿ ಪುಸ್ತಕ ಹಿಡಿದು ಕೂತೆ. ಮಾರನೇ ಬೆಳಿಗ್ಗೆ ಧೂಳು ಒರೆಸುವಾಗ ನೀನು ಪರದೆಗೆ ಒದ್ದೆ ಬಟ್ಟೆ ಆಡಿಸಿದೆ. ಅಪ್ಪ ಗುಂಡಿ ಒತ್ತಿದರು, ಕಲೆ ಕಂಡಿತು. "ನೀರು ಒಳಗಿಳಿಸಿದ್ಯಾ?" ಎಂದು ಅವರು ಗುಡುಗಿದಾಗ ನೀನು ಒಂದು ಕ್ಷಣ ಯೋಚಿಸಿ "ಇರಬಹುದು ಅಪ್ಪಾ" ಎಂದೆ. ಅಲ್ಲವೆಂದು ವಾದಿಸಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ನೀನೇ ಒಪ್ಪಿಕೊಂಡುಬಿಟ್ಟೆ. ನನ್ನ ಜೇಬಿನೊಳಗೆ ಆ ಅಯಸ್ಕಾಂತಕ್ಕೆ ಮನೆಯ ಬೀಗದಕೈ ಅಂಟಿಕೊಂಡಿತ್ತು. ಅದು ಸದ್ದು ಮಾಡದಂತೆ ಮುಷ್ಟಿ ಬಿಗಿ ಹಿಡಿದು ನಿಂತಿದ್ದೆ.

ಎಂಟು ತಿಂಗಳು ಆ ಕಲೆ ನೋಡಿದೆವು. ಎಡಗಡೆ ನಿಂತವರೆಲ್ಲ ಹಸಿರಾಗುತ್ತಿದ್ದರು, ಪ್ರತಿ ಸಲವೂ ಅಪ್ಪ ನಿನ್ನ ಕಡೆ ನೋಡುತ್ತಿದ್ದರು. ಚೂಟಿ ಎಂದು ಕರೆಯುವುದನ್ನು ಬಿಟ್ಟೇಬಿಟ್ಟರು. ಸಹಿಸಲಾಗದೆ ನಾನು ರೇಡಿಯೋ ರಿಪೇರಿಯವನ ಹತ್ತಿರ ಎಲ್ಲ ಹೇಳಿಕೊಂಡೆ. ಅವನು ನಕ್ಕು, ಅಯಸ್ಕಾಂತದ ಕಲೆ ಅಳಿಸಲೆಂದೇ ಇರುವ, ತಂತಿ ಸುತ್ತಿದ ಒಂದು ದೊಡ್ಡ ಬಳೆ ಕೊಟ್ಟ. ಕರೆಂಟು ಕೊಟ್ಟು ಪರದೆಯ ಮುಂದೆ ಸುತ್ತಿಸುತ್ತಾ ಹಿಂದೆ ಹಿಂದೆ ಸರಿದು, ದೂರ ಹೋದ ಮೇಲೆ ಆರಿಸಬೇಕು, ಅಷ್ಟೇ. ಮಾಡಿದೆ. ಕಲೆ ಹೋಯಿತು. ಅಪ್ಪ ನನ್ನ ಬೆನ್ನು ತಟ್ಟಿ "ಏನು ಕೈಗುಣ ನೋಡು ಇವನದು!" ಎಂದು ಬೀದಿಗೆಲ್ಲ ಸಾರಿದರು. ನೀನು ಸಾಮಾನು ಇಡುತ್ತಿದ್ದ ತಗಡಿನ ಪೆಟ್ಟಿಗೆ, ಹಳದಿ ಹಿಡಿಯ ಸ್ಕ್ರೂಡ್ರೈವರ್, ಎಲ್ಲ ನನ್ನ ಪಾಲಾಯಿತು. ರಿಪೇರಿ ಕಲಿಸುವ ತರಬೇತಿ ಶಾಲೆಗೆ ನಾನು ಹೋದೆ, ನೀನು ಹೊಲಿಗೆ ಕಲಿಯಲು ಹೋದೆ. ನನ್ನ ಅಂಗಡಿ, ನನ್ನ ಹೆಸರು, ಎಲ್ಲವೂ ನಾನೇ ಮಾಡಿದ ಕಲೆಯನ್ನು ನಾನೇ ಒರೆಸಿದ್ದರ ಮೇಲೆ ನಿಂತಿವೆ. ಕಲೆಯ ಜೊತೆ ನಿನ್ನ ಮೇಲಿನ ಮಾತನ್ನೂ ಒರೆಸಬಹುದಿತ್ತು. ಮಾಡಲಿಲ್ಲ. ಹುಡುಗಾಟದ ವಯಸ್ಸು ಎಂದು ನನಗೆ ನಾನೇ ಹೇಳಿಕೊಂಡೆ. ಮೂವತ್ತು ದಾಟಿದಾಗ, ನಲವತ್ತು ದಾಟಿದಾಗ ಯಾವ ಹುಡುಗಾಟ? ನನಗೆ ನಾಚಿಕೆಯಾಗುತ್ತಿದೆ, ತಾಯೀ.

ಮೊನ್ನೆ ಹೊಸ ಡಬ್ಬ ಕಂಡು ಅಪ್ಪ ಹೇಳಿದ್ದೇನು ಗೊತ್ತಾ? "ಅವಳು ರಜೆಗೆ ಬಂದಾಗ ಇದನ್ನ ಮುಟ್ಟಕ್ಕೆ ಬಿಡಬೇಡ." ತಮಾಷೆಗೇ ಹೇಳಿದ್ದು. ಮನೆಯವರೆಲ್ಲ ನಕ್ಕರು. ಈ ಸಲ ನನ್ನಿಂದ ನಗಲು ಆಗಲಿಲ್ಲ.

ಕಾಗದದ ಜೊತೆಗಿರುವ ಪೊಟ್ಟಣವನ್ನು ನಿನ್ನ ಮಗಳಿಗೆ ಕೊಡು. ಹಳದಿ ಹಿಡಿ ಸ್ವಲ್ಪ ಸವೆದಿದೆ, ತುದಿ ಇನ್ನೂ ಚೂಪಾಗಿದೆ. ಅದು ಮಾಮನ ಉಡುಗೊರೆಯಲ್ಲ, ಅವಳ ಅಮ್ಮನದೇ ವಸ್ತು ಎಂದು ಹೇಳು. ಅವಳಿಗೆ ನನ್ನ ಮನಸಾರೆ ಹಾರೈಕೆ, ಭಾವನಿಗೆ ನೆನಪು. ಮಂಡಿ ಜೋಪಾನ.

ನಿನ್ನ ಮುಂದೆ ತಲೆ ತಗ್ಗಿಸಿರುವ
ಅಣ್ಣ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮನೆಗೆ ಬಂದು ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. "ಅವಳಿಗೆ ಗೊತ್ತಾ?" ಎಂದಷ್ಟೇ ಕೇಳಿದರು. ಈಗ ಡಬ್ಬದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಾರೆ, ನನ್ನನ್ನು ಹತ್ತಿರ ಬಿಡುತ್ತಿಲ್ಲ. "ಚೂಟಿ ಬಂದು ಹಾಕ್ಲಿ" ಅನ್ನುತ್ತಿದ್ದಾರೆ. ಅರ್ಜಿಗೆ ಇಪ್ಪತ್ತನೇ ತಾರೀಕು ಕೊನೆ. ನನ್ನನ್ನು ಕ್ಷಮಿಸುವುದೋ ಬಿಡುವುದೋ ನಿಧಾನವಾಗಿ ಯೋಚಿಸು. ಮೊದಲು ಸಹಿ ಹಾಕು.