ವಸಡಲ್ಲಿ ಮುರಿದ ಮೂಳೆ

ಲಂಡನ್, ೧೬೮೨, ಫೆಬ್ರವರಿ ೯

ಒಲೆಯ ಸುತ್ತ ಇವತ್ತೂ ಮಸಿ. ಎಷ್ಟು ಉಜ್ಜಿದರೂ ಹೋಗಲಿಲ್ಲ. ನನ್ನ ಗಂಡ ಆಂಬ್ರೋಸ್‌ಗೆ ಹೆಂಡತಿಗಿಂತ ಆ ಕಬ್ಬಿಣದ ಪಾತ್ರೆಯೇ ಹೆಚ್ಚು. ಆವಿ ಹೊರಗೆ ಹೋಗದ ಹಾಗೆ ಮುಚ್ಚಳಕ್ಕೆ ತಿರುಪು ಬಿಗಿದು ಎತ್ತಿನ ಮೂಳೆಯನ್ನು ಮೆತ್ತಗಾಗುವವರೆಗೆ ಬೇಯಿಸುತ್ತಾರೆ. ಒಳಗಿನ ಕಾವು ಎಷ್ಟೆಂದು ತಿಳಿಯಲು ಮುಚ್ಚಳದ ಮೇಲೆ ನೀರಿನ ಹನಿ ಬಿಟ್ಟು, ಅದು ಆರುವವರೆಗೆ ಎಣಿಸುವುದು ನನ್ನ ಕೆಲಸ. ಇವತ್ತು ಮೂರು ಎಣಿಸುವುದರೊಳಗೆ ಆರಿತು.

ಬೆಂದದ್ದು ಒಂದೇ ಮೂಳೆ. ನಾಳೆ ವಿದ್ವಾಂಸರ ಸಭೆಯಲ್ಲಿ ತೋರಿಸಬೇಕಾಗಿದ್ದದ್ದು. ತಟ್ಟೆಯಲ್ಲಿಟ್ಟು ಈ ಕಡೆ ತಿರುಗುವಷ್ಟರಲ್ಲಿ ಅದು ಅತ್ತೆಯ ಬಾಯಲ್ಲಿತ್ತು. ಹಲ್ಲು ಹೋಗಿ ಆರು ವರ್ಷ, ಹಾಲಲ್ಲಿ ನೆನೆಸಿದ ರೊಟ್ಟಿ ಬಿಟ್ಟು ಬೇರೇನೂ ಕಾಣದ ಬಾಯಿ.

"ಬರೀ ವಸಡಲ್ಲೇ ಮುರಿದೆ ಕಣೇ!" ಅಂದರು. ಕಣ್ಣಲ್ಲಿ ನೀರು.

ಆಂಬ್ರೋಸ್ ಕೂಗಾಡುತ್ತಾರೆ ಅಂದುಕೊಂಡೆ. ಅಮ್ಮನ ಗಲ್ಲ ಒರೆಸಿದರು, ಅಷ್ಟೆ.

"ನಾಳೆ ಸಭೇಲಿ ಏನು ತೋರಿಸ್ತೀರಿ?"

"ಅಮ್ಮನ್ನೇ ಕರ್ಕೊಂಡು ಹೋಗ್ತೀನಿ" ಅಂತ ನಕ್ಕರು.

ಆ ಸಭೆಗೆ ಹೆಂಗಸರನ್ನು ಬಿಡುವುದಿಲ್ಲ. ಅದು ತಮಾಷೆ ಅಂತ ಅತ್ತೆಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಅತ್ತೆ ಕೇಳಿದರೆಂದು ಅವರ ಬಿಳಿ ಟೋಪಿಗೆ ಗಂಜಿ ಹಾಕಿ, ಒಲೆಯ ಹತ್ತಿರ ಒಣಗಲು ಬಿಟ್ಟಿದ್ದೇನೆ. ಈಗ ತಾನೇ ಹಾಸಿಗೆಯಿಂದಲೇ ಕೂಗಿದರು, "ನಾಳೆ ಎಷ್ಟು ಹೊತ್ತಿಗೆ ಹೊರಡೋದು?"