ಅಣ್ಣನಿಗೆ ಆಟ ಹೇಳಿದ್ದಕ್ಕೆ ಬಂದ ನೋಟಿಸು

ಪಂದ್ಯ ಪ್ರಸಾರದ ಹಕ್ಕು ಕಾಯುವ ಮಾನ್ಯ ಅಧಿಕಾರಿಗಳೇ,

ಕಣ್ಣು ಕಾಣದ ನನ್ನ ಅಣ್ಣನಿಗೆ ಫೋನಿನಲ್ಲಿ ಫುಟ್‌ಬಾಲ್ ಪಂದ್ಯ ವಿವರಿಸಿದ್ದು 'ಅನಧಿಕೃತ ನೇರಪ್ರಸಾರ' ಎಂದು ತಾವು ನೋಟಿಸು ಕಳಿಸಿದ್ದೀರಿ. ಇನ್ನೊಮ್ಮೆ ಹಾಗೆ ಮಾಡಿದರೆ ಕ್ರೀಡಾಂಗಣಕ್ಕೇ ಪ್ರವೇಶವಿಲ್ಲವಂತೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದರೆ ಇದೇ. ನಾನು ಬಸ್ ಕಂಡಕ್ಟರ್. ಮೂರು ದಿನದಿಂದ ಆ ಕಾಗದ ನನ್ನ ಟಿಕೆಟ್ ಚೀಲದಲ್ಲೇ ಇದೆ. ಪ್ರತಿ ಸ್ಟಾಪಿನಲ್ಲೂ ತೆಗೆದು ಓದುತ್ತೇನೆ, ಪಾಪದ ಪ್ರಯಾಣಿಕರ ಮೇಲೆ ರೇಗುತ್ತೇನೆ.

ಅಣ್ಣ ಬೆತ್ತದ ಕುರ್ಚಿ ಹೆಣೆಯುತ್ತಾನೆ. ಇಪ್ಪತ್ತು ವರ್ಷ ರೇಡಿಯೊದ ವೀಕ್ಷಕ ವಿವರಣೆ ಕೇಳುತ್ತಲೇ ಹೆಣೆದ. ತಾವು ಹಕ್ಕನ್ನೆಲ್ಲ ಟಿವಿಯವರಿಗೆ ಮಾರಿದ ಮೇಲೆ ರೇಡಿಯೊ ಬಾಯಿಗೆ ಬೀಗ ಬಿತ್ತು. ಟಿವಿಯವರೋ, ಹೇಗೂ ಕಾಣುತ್ತಿದೆಯಲ್ಲ ಎಂದು ಅರ್ಧ ಹೊತ್ತು ಹರಟುತ್ತಾರೆ. ಚೆಂಡು ಎಲ್ಲಿದೆ ಎಂದು ಹೇಳುವುದಿಲ್ಲ. ಹಾಗಾಗಿ ನಾನೇ ಟಿಕೆಟ್ ಕೊಂಡು, ಗ್ಯಾಲರಿಯಲ್ಲಿ ಕೂತು ಹೇಳತೊಡಗಿದೆ. ಆಟದ ಭಾಷೆ ನನಗೆಲ್ಲಿ ಬರಬೇಕು? "ಬಲಗಡೆ ಖಾಲಿ ಇದೆ, ಇವ್ನು ಒಳಗೆ ಸರೀತಾನೇ ಇಲ್ಲ, ಬಾಗಿಲಲ್ಲೇ ನಿಂತಿದಾನೆ" ಎನ್ನುತ್ತಿದ್ದೆ. "ಅಮ್ಮಾ ತಾಯಿ, ಅದು ಆಟಾನೋ ಬಸ್ಸೋ? ಗೋಲಿಗೆ ಎಷ್ಟು ದೂರ ಹೇಳು" ಎಂದು ಅಣ್ಣ ನಗುತ್ತಿದ್ದ. ಜೊತೆಗೆ ಹೆಣೆಯುವ ನಾಲ್ವರಿಗೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕುತ್ತಿದ್ದ. ಅವರಿಗೂ ಕಣ್ಣಿಲ್ಲ. ತಮ್ಮ ಪ್ರಕಾರ ಇದು 'ಸಾರ್ವಜನಿಕ ಪ್ರದರ್ಶನ'.

ಗ್ಯಾಲರಿಯ ಕಾವಲಿನವನು ದೂರು ಕೊಟ್ಟ ಮೇಲೆ ತಮ್ಮವರೊಬ್ಬರು ಕುರ್ಚಿ ಹೆಣೆಯುವಲ್ಲಿಗೂ ತಪಾಸಣೆಗೆ ಹೋಗಿದ್ದರು. "ಪರದೆ ಎಲ್ಲಿ ಬಚ್ಚಿಟ್ಟಿದೀರಿ?" ಎಂದು ಕುರ್ಚಿಗಳ ಹಿಂದೆಲ್ಲ ಹುಡುಕಿದರಂತೆ. "ಸಿಕ್ರೆ ನಮ್ಗೂ ಹೇಳಿ ಸಾರ್" ಎಂದನಂತೆ ಅಣ್ಣ. ಕಣ್ಣಿಲ್ಲದ ಐವರ ನಡುವೆ ಪರದೆ ಹುಡುಕುವ ಕಾನೂನಿಗೆ ಏನೆನ್ನಲಿ? ನನ್ನ ಒಡಕು ಗಂಟಲಿನಿಂದ ತಮಗೆ ಎಷ್ಟು ವೀಕ್ಷಕರು ಕಡಿಮೆಯಾದರು? ಹಕ್ಕು ಮಾರಿಕೊಳ್ಳಿ, ನನ್ನ ತಕರಾರಿಲ್ಲ. ಕಂಡದ್ದನ್ನು ಒಡಹುಟ್ಟಿದವನಿಗೆ ಹೇಳುವುದೂ ಆ ಮಾರಾಟದಲ್ಲಿ ಸೇರಿತ್ತೇ?

ಬರುವ ಶನಿವಾರ ಫೈನಲ್. ಹದಿನಾರು ವರ್ಷದ ಮೇಲೆ ನಮ್ಮ ತಂಡ ಅಲ್ಲಿಗೆ ತಲುಪಿದೆ. ನಿನ್ನೆ ಅಣ್ಣ, "ನೀನು ಸುಮ್ನೆ ನೋಡ್ಕೊಂಡು ಬಾರಮ್ಮ, ಆಮೇಲೆ ಹೇಳುವಿಯಂತೆ" ಎಂದ. ನನಗೇನಾದರೂ ಆದೀತೆಂದು ಹೆದರಿದ್ದಾನೆ. ನೋಟಿಸಿಗಿಂತ ಅವನ ಆ ಹೆದರಿಕೆ ನನ್ನ ಹೊಟ್ಟೆ ಉರಿಸುತ್ತಿದೆ.

ಆದ್ದರಿಂದ ಶುಕ್ರವಾರದೊಳಗೆ ನನಗೆ ಲಿಖಿತ ಅನುಮತಿ ಕೊಡಿ, ಇಲ್ಲವೇ ರೇಡಿಯೊ ವಿವರಣೆ ಮರಳಿಸಿ. ಎರಡೂ ಆಗದಿದ್ದರೂ ನಾನು ಗ್ಯಾಲರಿಯಲ್ಲಿ ಕೂತು ಹೇಳಿಯೇ ಹೇಳುತ್ತೇನೆ. ಎಬ್ಬಿಸಿ ಹೊರಗೆ ಹಾಕುವುದಾದರೆ ಒಂದು ಉಪಕಾರ ಮಾಡಿ: ನನ್ನ ಫೋನು ಕಿತ್ತುಕೊಂಡವರೇ ಉಳಿದ ಆಟವನ್ನು ಅವನಿಗೆ ಹೇಳಿ ಮುಗಿಸಲಿ.

ಇಂತಿ,
ತಮ್ಮ ಹಕ್ಕನ್ನು ಬಾಯಿಮಾತಿನಲ್ಲೇ ಕದ್ದ
ಒಬ್ಬ ಕಂಡಕ್ಟರಮ್ಮ